ಅಂಚೆ ಕಚೇರಿಯ ಕೊನೆಯ ಗೋಡೆ

"ಕೆಳಗಿಳಿಯೇ! ಹೆತ್ತವಳು ಮನೇಲಿ ಹೆಣವಾಗಿ ಮಲಗಿದಾಳೆ, ನೀನಿಲ್ಲಿ ಗೋಡೆ ತಿಕ್ತಾ ಕೂತಿದೀಯ?" ಚಿಕ್ಕಮ್ಮನ ದನಿ ಅಂಚೆ ಕಚೇರಿಯ ಹಜಾರದ ತುಂಬ ಮೊಳಗಿತು.

ಏಣಿಯ ಮೇಲಿದ್ದ ಮಗಳು ಕೈ ನಿಲ್ಲಿಸಲಿಲ್ಲ. ನುಣುಪುಗಲ್ಲನ್ನು ಹಸಿ ಗಾರೆಯ ಮೇಲೆ ಒತ್ತಿ ಒತ್ತಿ ಎಳೆಯುತ್ತಲೇ ಇದ್ದಳು. ಪಕ್ಕದಲ್ಲಿ ಅಮ್ಮನ ಜೊತೆ ದುಡಿಯುತ್ತಿದ್ದ ಇನ್ನೂ ನಾಲ್ವರು ಹೆಂಗಸರು, ಅತ್ತು ಕೆಂಪಾದ ಕಣ್ಣುಗಳಲ್ಲೇ, ಅದೇ ಕೆಲಸದಲ್ಲಿದ್ದರು.

"ನೆನ್ನೆ ಸಂಜೆ ಅಮ್ಮನೇ ಬಳಿದದ್ದು ಚಿಕ್ಕಮ್ಮ. ಮಧ್ಯಾಹ್ನದೊಳಗೆ ತಿಕ್ಕಿ ಮುಗಿಸದಿದ್ರೆ ಬಿರುಕು ಬಿಡುತ್ತೆ. ಪೂರ್ತಿ ಕೆತ್ತಿ ತೆಗೀಬೇಕಾಗುತ್ತೆ."

"ತೆಗೆದು ಇನ್ನೊಂದ್ಸಲ ಬಳೀರಿ. ಯಾರು ಬೇಡ ಅಂದ್ರು?"

"ಬಳಿಯೋಕೆ ಅಮ್ಮ ಇಲ್ವಲ್ಲ."

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕ ರಾತ್ರಿ ಉಂಡು ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಮೂರು ಗಂಟೆಗೆ ಮಣ್ಣು ಮಾಡುವುದೆಂದು ನಿಶ್ಚಯವಾಗಿತ್ತು. ಮನೆಗೆ ಬಂದವರೆಲ್ಲ ಮಗಳೆಲ್ಲಿ, ಮಗಳೆಲ್ಲಿ ಎನ್ನುತ್ತಿದ್ದರು. ಉತ್ತರ ಹೇಳಿ ಸಾಕಾಗಿ ಅವಳು ಇಲ್ಲಿಗೆ ನಡೆದು ಬಂದಿದ್ದಳು.

*

ತೀರಿಕೊಂಡ ಅಕ್ಕನಿಗೆ ಸುಣ್ಣದಮ್ಮ ಎಂಬ ಹೆಸರು ಬೀಳುವ ಮೊದಲು, ಹನ್ನೊಂದು ವರ್ಷದ ಹಿಂದೆ, ಅವಳು ಈ ಕಟ್ಟಡಕ್ಕೆ ಬಂದದ್ದು ಅದನ್ನು ಕೆಡವುವ ಕೂಲಿಗೆ. ಹಡಗಿನಲ್ಲಿ ಬಂದು ಆಳಿದವರು ಕಟ್ಟಿಸಿದ ಅಂಚೆ ಕಚೇರಿ ಅದು. ಅವರು ಹೋದ ಎಷ್ಟೋ ಕಾಲದ ಮೇಲೆ ಯಾರೋ ಅದರ ಸುಣ್ಣದ ಗೋಡೆಗಳಿಗೆಲ್ಲ ಸಿಮೆಂಟು ಮೆತ್ತಿಸಿದ್ದರು. ಒಳಗೇ ಉಳಿದ ತೇವ ಇಟ್ಟಿಗೆಗಳನ್ನು ಪುಡಿಪುಡಿ ಮಾಡಿತ್ತು. ಕೆಡವುವುದೇ ಸರಿ ಎಂದು ಇಂಜಿನಿಯರು ವರದಿ ಬರೆದಾಗಿತ್ತು.

ಸುಣ್ಣ ಸುಡುವ ಗೂಡಿನವನ ಮಗಳು ಅವಳು. ಬುಟ್ಟಿ ಕೆಳಗಿಟ್ಟು ಗೋಡೆಗೆ ಅಂಗೈ ಒತ್ತಿದಳು.

"ಸಾರ್, ಇದಕ್ಕೆ ವಯಸ್ಸಾಗಿಲ್ಲ, ಉಸಿರು ಕಟ್ಟಿದೆ. ಸಿಮೆಂಟು ಕಿತ್ತು ಸುಣ್ಣದ ಗಾರೆ ಹಾಕಿದ್ರೆ ಒಣಗುತ್ತೆ."

"ಎಷ್ಟನೇ ಕ್ಲಾಸು ಓದಿದೀಯಮ್ಮ?"

"ಮೂರು. ನೀವು?"

"ಇಂಜಿನಿಯರಿಂಗು."

"ಹಾಗಾದ್ರೆ ನಿಮಗೆ ಬೇಗ ಅರ್ಥವಾಗುತ್ತೆ ಬಿಡಿ."

ಕೂಲಿಯವರು ಗೊಳ್ಳೆಂದರು. ಇಂಜಿನಿಯರಿಗೂ ನಗು ತಡೆಯಲಾಗಲಿಲ್ಲ. ಒಂದು ಕೋಣೆಗೆ ಹಾಕಿ ತೋರಿಸು, ಒಂದು ಮಳೆಗಾಲ ನೋಡೋಣ, ಅಷ್ಟೇ ಎಂದರು. ಮಳೆಗಾಲ ಮುಗಿದ ಮೇಲೆ ಬಂದು ಅವಳ ಗೋಡೆಗೆ ಮಸಿ ಹೀರುವ ಕಾಗದವನ್ನು ಬಹಳ ಹೊತ್ತು ಒತ್ತಿ ಹಿಡಿದರು. ಕಾಗದ ಒಣಗಿದ್ದದ್ದು ಒಣಗಿದಂತೆಯೇ ಇತ್ತು. ತಮ್ಮ ವರದಿಯನ್ನು ತಾವೇ ಹಿಂದಕ್ಕೆ ಪಡೆದು, ಮೇಲಿನವರಿಂದ ಚೆನ್ನಾಗಿ ಉಗಿಸಿಕೊಂಡರು.

ಆಮೇಲೆ ಒಂದಾದ ಮೇಲೊಂದು ಕೋಣೆ. ಹಜಾರದ ಈ ಗೋಡೆಯೊಂದು ಉಳಿದಿತ್ತು.

*

ಹನ್ನೊಂದರ ಹೊತ್ತಿಗೆ ಆ ಇಂಜಿನಿಯರೇ ಕೋಲೂರಿಕೊಂಡು ಒಳಗೆ ಬಂದರು. ನಿವೃತ್ತರಾಗಿ ಆರು ವರ್ಷವಾಗಿತ್ತು.

"ನೀವಾದ್ರೂ ಬುದ್ಧಿ ಹೇಳಿ ಸಾರ್," ಎಂದಳು ಚಿಕ್ಕಮ್ಮ.

ಅವರು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. "ಎಷ್ಟು ಬಾಕಿ ಇದೆ?"

"ಕಿಟಕಿಯಿಂದ ಆಚೆಯದ್ದು," ಎಂದಳು ಮಗಳು. "ಒಂದು ಕೈ ಕಮ್ಮಿ ಇದೆ ಸಾರ್. ಅಮ್ಮಂದು."

"ನಂಗೆ ತಿಕ್ಕೋಕೆ ಬರಲ್ಲ. ನೀರು ಚಿಮುಕಿಸ್ತೀನಿ." ಕೋಟು ಬಿಚ್ಚಿ ಕಿಟಕಿಗೆ ನೇತುಹಾಕಿದರು.

ಚಿಕ್ಕಮ್ಮ ಮೆಲ್ಲಗೆ ಹೋಗಿ ಮುಗಿದ ಭಾಗದ ಮೇಲೆ ಬೆರಳಾಡಿಸಿದಳು. ಮೊಟ್ಟೆಯ ಚಿಪ್ಪಿನ ಹಾಗೆ ತಣ್ಣಗೆ, ನಯವಾಗಿತ್ತು.

"ಎಷ್ಟು ಸಲ ಕರೆದಿದ್ಲು, ಬಾರೇ ನೋಡು ಅಂತ. ಗೋಡೇಲಿ ನೋಡೋದೇನಿದೆ ಅಂದುಬಿಟ್ಟೆ," ಎಂದಳು. ಮೂಗು ಒರೆಸಿಕೊಂಡು ರವಿಕೆಯ ತೋಳು ಮಡಚಿದಳು. "ಕೊಡಿಲ್ಲಿ ಆ ಕಲ್ಲು. ನಾನೂ ಅದೇ ಗೂಡಿನವನ ಮಗಳು ಕಣ್ರೇ, ಹಾಗೇನು ನೋಡ್ತೀರಿ?"

ಹನ್ನೆರಡೂವರೆಗೆ ಮಗಳು ಏಣಿಯಿಂದಿಳಿದಳು. ಇಡೀ ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಯಾರೋ ಒಬ್ಬಳು ಕೇಕೆ ಹಾಕಿ, ಆಮೇಲೆ ನಾಚಿ ಬಾಯಿ ಮುಚ್ಚಿಕೊಂಡಳು.

"ಬಾಯಿ ಯಾಕೆ ಮುಚ್ಕೋತೀಯ? ಹಾಕು," ಎಂದಳು ಚಿಕ್ಕಮ್ಮ. "ಅಕ್ಕನ್ನ ಈ ದಾರೀಲೇ ಕರ್ಕೊಂಡು ಹೋಗೋಣ."

ಎರಡೂವರೆಗೆ ಪೋಸ್ಟ್ ಮಾಸ್ಟರು ಹಜಾರದ ಎರಡು ಬಾಗಿಲುಗಳನ್ನೂ ತೆಗೆಸಿದರು. ಹೊರಗೆ ಅಂಚೆಯವರು ಸಾಲಾಗಿ ನಿಂತು, ಒಬ್ಬರನ್ನು ನೋಡಿ ಒಬ್ಬರು, ಸೈಕಲ್ ಗಂಟೆ ಬಾರಿಸತೊಡಗಿದರು. ಹೆಂಗಸರೇ ಹೆಗಲು ಕೊಟ್ಟು ಅವಳನ್ನು ಮುಂಬಾಗಿಲಿಂದ ಒಳತಂದರು. ಕಿಟಕಿಗಳ ಬಿಸಿಲು ನೆಟ್ಟಗೆ ಬೀಳುತ್ತಿತ್ತು. ಅವರು ನಡೆದಂತೆ ಗೋಡೆಯ ಹೊಳಪಿನೊಳಗೂ ಆರು ಹೆಂಗಸರು, ತಲೆ ಎತ್ತಿಕೊಂಡು, ಸುಣ್ಣದಮ್ಮನನ್ನು ಹೊತ್ತು ನಡೆದರು.