ಕೊನೆಯ ಹೊಲದ ಮಂತ್ರಿ

ನನ್ನ ಗಂಡ ನಜ್ಮುದ್ದೀನ್ ಹದಿನಾಲ್ಕು ತಿಂಗಳು ನೀರಾವರಿ ಮಂತ್ರಿಯಾಗಿದ್ದರು. ಆದರೆ ಅವರು ಮಂತ್ರಿಯಾದ ದಿನಕ್ಕಿಂತ ಅದರ ಹಿಂದಿನ ದಿನದ ಮಧ್ಯಾಹ್ನದ ಊಟವೇ ನನಗೆ ಹೆಚ್ಚು ನೆನಪಿದೆ.

ಹೆರಾತಿನ ಆಚೆ, ಕಾಲುವೆ ಮುಗಿಯುವ ಕಡೆ ನಮ್ಮ ಹಳ್ಳಿ. ಅಲ್ಲಿ ಇಪ್ಪತ್ತಾರನೇ ವಯಸ್ಸಿಗೇ ಇವರು ಮೀರಾಬ್ ಆದವರು. ಯಾವ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ಹಂಚುವ ನೀರುಗಂಟಿ. ಆಮೇಲೆ ಯುದ್ಧ ಬಂತು. ಗಡಿ ದಾಟಿ ಮಶ್ಹದ್‌ನಲ್ಲಿ ಹನ್ನೆರಡು ವರ್ಷ ಹಗಲು ಇಟ್ಟಿಗೆ ಹೊತ್ತು, ಸಂಜೆ ಓದಿ ಇಂಜಿನಿಯರ್ ಆದರು. ಹಿಂತಿರುಗಿದ ಮೇಲೆ ಜಿಲ್ಲಾ ಕಚೇರಿ, ಅಲ್ಲಿಂದ ಕಾಬೂಲ್, ಕೊನೆಗೆ ಉಪಮಂತ್ರಿ. ಮಂತ್ರಿ ಪದವಿಗೆ ಒಮ್ಮೆ ಹೆಸರು ಹೋಗಿತ್ತು, ಸಂಸತ್ತು ಒಂಬತ್ತು ಮತಗಳ ಅಂತರದಿಂದ ತಿರಸ್ಕರಿಸಿತ್ತು. ಎರಡು ವರ್ಷದ ನಂತರ ಮತ್ತೆ ಹೆಸರು ಹೋಯಿತು. ಈ ಸಲವೂ ಸೋತರೆ ಮೂರನೇ ಸಲ ಯಾರೂ ಕರೆಯುವುದಿಲ್ಲವೆಂದು ನಮಗೆ ಗೊತ್ತಿತ್ತು.

ಮತದಾನದ ಹಿಂದಿನ ದಿನ ಕೆಲವು ಸಂಸದರು ಕಾಬೂಲಿನ ನಮ್ಮ ಮನೆಗೆ ಊಟಕ್ಕೆ ಬಂದರು. ಅವರ ಹಿರಿಯ ಹಾಜಿ ಕರೀಮ್‌ದಾದ್. ನಮ್ಮದೇ ಕಾಲುವೆಯ, ನೀರು ಮೊದಲು ಬರುವ ತಲೆಭಾಗದವರು. ಅವರ ಮಾತಿಗೆ ಹನ್ನೆರಡು ಮತ ಬೀಳುತ್ತಿದ್ದವು. ಕಂಕುಳಲ್ಲಿ ಕಿರಿಯ ಮಗಳನ್ನು ಇಟ್ಟುಕೊಂಡು ನಾನು ಪರದೆಯ ಈಚೆ ಪಲಾವಿನ ಮೇಲೆ ಕ್ಯಾರೆಟ್, ಒಣದ್ರಾಕ್ಷಿ ಹರಡುತ್ತಿದ್ದೆ. ಪಕ್ಕದಲ್ಲಿ ಅತ್ತೆ ಗುಲ್ಸುಮ್ ಬೀಬಿ ಮೂಲಂಗಿ ಹೆಚ್ಚುತ್ತಿದ್ದರು. ಒಳಗಿನ ಮಾತು ಪೂರ್ತಿ ಕೇಳಿಸುತ್ತಿತ್ತು.

"ಇಂಜಿನಿಯರ್ ಸಾಹೇಬ್ರೆ, ಹೋದ ಸಲ ನಿಮ್ ಭಾಷಣ ಕೇಳ್ತಾ ನಾನು ನಿದ್ದೆ ಹೋಗ್ಬಿಟ್ಟೆ," ಎಂದರು ಹಾಜಿ. "ಈ ಸಲ ಚಿಕ್ಕದಾಗಿ ಮುಗಿಸಿ."

"ಹೋದ ಸಲ ನೀವು ಎದ್ದಿದ್ದಿದ್ರೆ ನಾನು ಗೆಲ್ತಿದ್ದೆ, ಹಾಜಿ ಸಾಹೇಬ್ರೆ."

ಎಲ್ಲರೂ ನಕ್ಕರು. ನಗು ಇಳಿದ ಮೇಲೆ ಹಾಜಿ ದನಿ ತಗ್ಗಿಸಿದರು.

"ನಮ್ ಕಡೆ ಒಂದು ಹೊಸ ತೂಬು ಬೇಕು. ಒಂದೇ ಒಂದು. ಹೂಂ ಅನ್ನಿ, ಹನ್ನೆರಡು ವೋಟು ನಿಮ್ದು."

ಆ ತೂಬು ತೆರೆದರೆ ಬೇಸಿಗೆ ಹತ್ತಿರವಾಗುತ್ತಿದ್ದಂತೆ ಕೆಳಗಿನ ನಲವತ್ತು ಮನೆಗಳ ಹೊಲಕ್ಕೆ ನೀರಿಲ್ಲ. ಅವರಲ್ಲಿ ನನ್ನ ಗಂಡನ ಚಿಕ್ಕಪ್ಪ ಯೂನುಸ್ ಕೂಡ ಒಬ್ಬರು. ಅದು ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ. ಆದರೆ ಬಾಡಿಗೆ ಮನೆಯ ಒಣಗಿದ ನಲ್ಲಿ, ನಾಲ್ಕು ಮಕ್ಕಳ ಓದು, ಮತ್ತೊಮ್ಮೆ ಸೋತು ಬರುವ ಗಂಡನ ಮುಖ, ಇವೇ ನನ್ನ ಕಣ್ಣ ಮುಂದೆ ಇದ್ದವು. ತಟ್ಟೆ ಒಯ್ಯಲು ಅವರು ಪರದೆಯ ಬಳಿ ಬಂದಾಗ ಪಿಸುಗುಟ್ಟಿದೆ.

"ಹೂಂ ಅಂದ್ಬಿಡಿ. ತೂಬಿನ ಮಾತು ಆಮೇಲೆ ನೋಡ್ಕೊಂಡ್ರಾಯ್ತು."

ಅವರು ತಟ್ಟೆ ತೆಗೆದುಕೊಂಡು ಹೋದರು.

"ಇವ್ನ ಅಪ್ಪನ ಕಿವೀನೂ ಹೀಗೇ ಇತ್ತು ಕಣಮ್ಮ," ಎಂದರು ಅತ್ತೆ, ಚಾಕು ನಿಲ್ಲಿಸದೆ. "ಹೊರಗಡೆ ಚೆಂದಕ್ಕೆ ಅಷ್ಟೆ, ಒಳಗಡೆ ದಾರಿ ಇಲ್ಲ."

ಒಳಗೆ ನನ್ನ ಗಂಡ ಎಲ್ಲರಿಗೂ ಬಡಿಸಿ ಕುಳಿತು ಕೇಳಿದರು, "ಹಾಜಿ ಸಾಹೇಬ್ರೆ, ನಿಮ್ ಕಡೆ ನೀರುಗಂಟಿನ ಎಲ್ಲಿಂದ ಆರಿಸ್ತೀರಿ?"

"ಇದೇನು ಪ್ರಶ್ನೆ? ಎಲ್ಲಾ ಕಡೆ ಇರೋ ಹಾಗೇನೆ. ಕೊನೇ ಹೊಲದವನನ್ನ."

"ಯಾಕೆ?"

"ಅವನ ಹೊಲಕ್ಕೆ ನೀರು ಹೋಗ್ಬೇಕಾದ್ರೆ ನಮ್ಮೆಲ್ಲರ ಹೊಲ ದಾಟ್ಕೊಂಡೇ ಹೋಗ್ಬೇಕಲ್ಲ. ತಲೇಲಿರೋನ ಕೈಗೆ ಗುದ್ದಲಿ ಕೊಟ್ರೆ ಅವನು ತನ್ನ ಹೊಲ ತುಂಬಿಸ್ಕೊಂಡು ಮಲಗ್ತಾನೆ, ಅಷ್ಟೆ."

"ನನ್ನನ್ನ ಆರಿಸಿದ್ದೂ ಅದಕ್ಕೇ. ಆರು ವರ್ಷ ನಿಮ್ ಹೊಲಕ್ಕೂ ನೀರು ಬಿಟ್ಟಿದೀನಿ. ಒಂದು ಸಲಾನಾದ್ರೂ ಕಡಿಮೆ ಆಗಿತ್ತಾ?"

ಹಾಜಿ ತಟ್ಟೆಯ ಅನ್ನವನ್ನು ಅಂಚಿಗೆ ಸರಿಸಿದರು.

"ಈಗ ತಲೇಲಿ ಕೂರೋಕೆ ಹೇಳ್ಬೇಡಿ. ನನ್ ಕೈಲಾಗಲ್ಲ."

ಹಾಜಿ ಕೈ ತೊಳೆದು ಎದ್ದರು. ಏಲಕ್ಕಿ ಹಾಕಿದ ಚಹಾ ಬಟ್ಟಲುಗಳಲ್ಲಿ ಹಾಗೇ ಇತ್ತು. ನಮ್ಮಲ್ಲಿ ಚಹಾ ಮುಟ್ಟದೆ ಏಳುವುದೆಂದರೆ ಸಂಬಂಧದ ಬಾಗಿಲು ಮುಚ್ಚಿಕೊಂಡು ಹೋದಂತೆ. ಹೊಸ್ತಿಲಲ್ಲಿ ನಿಂತು, "ಪಲಾವ್ ಚೆನ್ನಾಗಿತ್ತು. ಮಾತಿಗೆ ಉಪ್ಪು ಜಾಸ್ತಿಯಾಯ್ತು," ಎಂದು ಹೊರಟರು. ಉಳಿದವರು ಅವರ ಹಿಂದೆ ಹೋದರು.

ಅಂದು ಸಂಜೆಯವರೆಗೆ ನಾನು ಗಂಡನೊಡನೆ ಮಾತಾಡಲಿಲ್ಲ. ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತಿಕ್ಕಿದೆ.

ಮರುದಿನ ಟಿವಿಯ ಮುಂದೆ ಕುಳಿತು ಬಟ್ಟೆ ಮಡಚುತ್ತಿದ್ದೆ. ಸಂಸತ್ತಿನಲ್ಲಿ ಮತಚೀಟಿ ಎಣಿಸಿದರು. ಬೇಕಾದದ್ದು ನೂರಾ ಹದಿಮೂರು. ಸಭಾಧ್ಯಕ್ಷರು ಓದಿದ್ದು ನೂರಾ ಹದಿನಾರು. ಒಂದೇ ಅಂಗಿಯನ್ನು ಮೂರು ಸಲ ಮಡಚಿದೆ.

ಸಂಜೆ ಹಾಜಿಯವರ ಫೋನು ಬಂತು. ಎಲ್ಲರಿಗೂ ಕೇಳುವಂತೆ ಕಿರುಚುವುದು ಅವರ ಅಭ್ಯಾಸ.

"ನಾನು ನಿಮ್ಗೆ ಹಾಕಿಲ್ಲ, ಶುಕ್ರಿಯಾ ಹೇಳ್ಬೇಡಿ. ನಮ್ಮೋರಲ್ಲಿ ನಾಲ್ಕು ಜನ ಹಾಕಿದಾರೆ. ಅವರ ಹೊಲಗಳೂ ಕೊನೇಲೇ ಇರೋದು. ನಾನು ಮೊದ್ಲೇ ವಿಚಾರಿಸ್ಬೇಕಿತ್ತು."

ಹದಿನಾಲ್ಕು ತಿಂಗಳು ಇವರು ಅಂಥ ಎಷ್ಟೋ ತೂಬುಗಳಿಗೆ ಇಲ್ಲ ಎಂದರು. ಕೊನೆಗೆ ಸಂಸತ್ತು ಕರೆಸಿ, ಪ್ರಶ್ನೆ ಕೇಳಿ, ಮತ ಹಾಕಿ ಇಳಿಸಿತು. ಅಂದು ಮಧ್ಯಾಹ್ನ ಮೂರಕ್ಕೆ ಇವರು ನಮ್ಮ ಹಳೆಯ ಕಾರಿನಲ್ಲಿ ಬಂದು, ಬಿಸಿ ಸೂಪು ಕುಡಿದು ಮಲಗಿದರು. ಮೈಮೇಲೆ ಒಂದು ಗಾಯವಿಲ್ಲ, ಹೆಸರಿಗೆ ಒಂದು ಕಲೆಯಿಲ್ಲ. ಮಂತ್ರಿಗಳು ಗುಂಡಿಗೋ ಲಂಚಕ್ಕೋ ಬೀಳುವ ಈ ಊರಿನಲ್ಲಿ ಅದು ಸಣ್ಣದಲ್ಲ. ಮಲಗಿದ್ದವರನ್ನು ಬಾಗಿಲಲ್ಲಿ ನಿಂತು ತುಂಬ ಹೊತ್ತು ನೋಡಿದೆ.

ಆ ವಾರವೇ ಯೂನುಸ್ ಚಿಕ್ಕಪ್ಪ ಫೋನು ಮಾಡಿದರು.

"ಗೋಧಿಗೆ ಕೊನೇ ನೀರು ಸಿಕ್ತಮ್ಮ. ಎಲ್ಲಾ ನಲವತ್ತು ಮನೆಗೂ. ಎಲ್ಲಿ ನಮ್ ಮಂತ್ರಿ?"

"ನಿದ್ದೆ ಮಾಡ್ತಿದಾರೆ, ಚಿಕ್ಕಪ್ಪ. ಎಬ್ಬಿಸ್ಲಾ?"

"ಬೇಡ, ಬೇಡ. ಮಲಗ್ಲಿ."

ನಾನು ಫೋನು ಇಡಲಾರದೆ ಹೋದೆ. "ಚಿಕ್ಕಪ್ಪ, ಅವತ್ತು ಊಟದ ದಿನ ನಾನು ಇವರಿಗೆ ಹೂಂ ಅನ್ನಿ ಅಂದಿದ್ದೆ," ಎಂದೆ. "ದೇವರ ದಯೆ, ಇವರು ಕೇಳ್ಲಿಲ್ಲ."

ಆ ಕಡೆ ಹರಿಯುವ ನೀರಿನ ಸದ್ದು ಕೇಳಿಸುತ್ತಿತ್ತು. ಹೊಲದಲ್ಲೇ ನಿಂತಿದ್ದರೆಂದು ಕಾಣುತ್ತದೆ.

"ಅಂದಿರ್ತೀಯ ಬಿಡಮ್ಮ," ಎಂದರು. "ನಾಲ್ಕು ಮಕ್ಕಳ ತಾಯಿ. ಅನ್ನದೆ ಇರ್ತೀಯಾ? ಸರಿ, ಚಿಕ್ಕೋಳಿಗೆ ಮಾತು ಬಂತಾ, ಅದನ್ನ ಹೇಳು."