ಸ್ಕ್ರೂ ಮೇಲಿನ ಗೆರೆ

"ಕೈ ತೆಗೀರಿ," ಎಂದಳು ಮಗಳು.

ಚಿಕ್ಕಪ್ಪ ಆಗಲೇ ಬಗ್ಗಿ ಸ್ಟ್ರೆಚರಿನ ತಲೆಯ ಕಡೆಯ ಹಿಡಿಕೆಯನ್ನು ಹಿಡಿದಿದ್ದ. ಕೆಲಸ ಮಾಡುವ ಪೆಟ್ರೋಲ್ ಬಂಕಿನಿಂದ ಸಮವಸ್ತ್ರದಲ್ಲೇ ಎದ್ದು ಬಂದಿದ್ದ. ಎಡಗೈ ಬೆರಳುಗಳು ಹಿಂದೆಂದೋ ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದರಿಂದ ಬಲಗೈಯೊಂದನ್ನೇ ಮುಂದೆ ಮಾಡಿದ್ದ.

"ಸತ್ತಿರೋನು ನನ್ನಣ್ಣ."

"ಹನ್ನೊಂದು ವರ್ಷ ಈ ಕಡೆ ತಲೆ ಹಾಕದೇ ಇದ್ದೋರಿಗೆ ಇವತ್ತು ಅಣ್ಣ ನೆನಪಾದ್ರಾ?"

"ತಲೆ ಹಾಕೋಕೆ ಬಿಟ್ಟೋರ್ಯಾರು? ನಾನು ಅಳೋಕೆ ಬಂದಿಲ್ಲ. ಆ ಸ್ಕ್ರೂ ನಾನು ತಿರುಗಿಸಿಲ್ಲ ಅಂತ ಈ ಮನೆಯೋರು ಒಬ್ಬರಾದ್ರೂ ಇಷ್ಟು ಜನರ ಮುಂದೆ ಹೇಳ್ಲಿ. ಅವನು ಮಣ್ಣಾಗೋದ್ರೊಳಗೆ ಹೇಳ್ಲಿ. ಅಷ್ಟು ಸಾಕು, ಹೋಗ್ತೀನಿ."

"ನಿಮ್ಮಣ್ಣ ಹೇಳಿದ್ದೇ ಕೊನೇ ಮಾತು," ಎಂದಳು ಅಮ್ಮ, ಅವನ ಮುಖ ನೋಡದೆ. "ಹೆಣದ ಮುಂದೆ ರಂಪ ಮಾಡ್ಬೇಡಿ."

ಅಲ್ಲಿ ನಿಂತಿದ್ದವರಲ್ಲಿ ಮುಕ್ಕಾಲು ಮಂದಿ ಮೆಕ್ಯಾನಿಕ್ಕುಗಳು. ಜಗಳ ಬಿಡಿಸುವುದಕ್ಕಿಂತ ನೋಡುವುದರಲ್ಲಿ ಸುಖ ಹೆಚ್ಚು ಎಂದು ಅವರಿಗೂ ಗೊತ್ತಿತ್ತು. ಟೈರ್ ಅಂಗಡಿಯವನು ಮಾತ್ರ ಮುಂದೆ ಬಂದು ಚಿಕ್ಕಪ್ಪನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಹಿಡಿಕೆ ಹಿಡಿದ. ಹೆಣ ವ್ಯಾನಿಗೆ ಹೋಯಿತು. ಚಿಕ್ಕಪ್ಪ ಎಲ್ಲರಿಗಿಂತ ಹಿಂದೆ, ಒಬ್ಬನೇ ನಡೆದು ಬಂದ.

*

ಸತ್ತವನನ್ನು ಪೇಟೆಯೆಲ್ಲ ಮುಳ್ಳು ಮೇಸ್ತ್ರಿ ಎನ್ನುತ್ತಿತ್ತು. ಗಾಡಿ ತಂದವರು ಅದರ ರೋಗ ವಿವರಿಸತೊಡಗಿದರೆ ಅವನು ಕಿವಿ ಕೊಡುತ್ತಿರಲಿಲ್ಲ. ಎಂಜಿನ್ನಿಗೆ ಪೆಟ್ರೋಲ್ ಹೋಗುವ ಪೈಪಿಗೆ ಪ್ರೆಷರ್ ಗೇಜ್ ಜೋಡಿಸಿ, ಚಾಲೂ ಮಾಡಿ, ಮುಳ್ಳು ನೋಡುತ್ತಿದ್ದ. ನಲವತ್ತರಲ್ಲಿ ನಿಂತರೆ ಸರಿ. ಇಳಿದರೆ ಗಾಡಿ ಏರಿನಲ್ಲಿ ಕೆಮ್ಮಿ ನಿಲ್ಲುತ್ತದೆ, ಏರಿದರೆ ಸುಮ್ಮನೆ ಪೆಟ್ರೋಲ್ ಕುಡಿದು ಕಪ್ಪು ಹೊಗೆ ಉಗುಳುತ್ತದೆ. ಆ ಪ್ರೆಷರ್ ಏರಿಸಿ ಇಳಿಸುವ ರೆಗ್ಯುಲೇಟರಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ನಟ್ಟು ಬಿಗಿದು, ಎಂಜಿನ್ ಆರಿಸಿ, ಮುಳ್ಳು ಜಾರುತ್ತದೋ ಎಂದು ಐದು ನಿಮಿಷ ಕಾಯುತ್ತಿದ್ದ. ಆ ಐದು ನಿಮಿಷ ಅವನ ರಿಪೇರಿ ಶೆಡ್ಡಿನಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ.

ಕೊನೆಗೆ ಮಗಳ ಉಗುರು ಬಣ್ಣ ತೆಗೆದು ಸ್ಕ್ರೂ ಮತ್ತು ನಟ್ಟು ಎರಡರ ಮೇಲೂ ಹಾಯುವಂತೆ ಒಂದು ಕೆಂಪು ಗೆರೆ ಎಳೆಯುತ್ತಿದ್ದ. "ಯಾವನಾದ್ರೂ ತಿರುಗಿಸಿದ್ರೆ ಗೆರೆ ಮುರಿಯುತ್ತೆ. ಆಮೇಲೆ ನನ್ನ ಹತ್ರ ಬಂದು ಗೋಳಾಡ್ಬೇಡಿ."

ಅಂಥ ಗೆರೆ ಎಳೆದ ಕಾರೊಂದನ್ನು ಹನ್ನೊಂದು ವರ್ಷದ ಹಿಂದೆ, ಆಗ ಶೆಡ್ಡಿನಲ್ಲೇ ಕೆಲಸಕ್ಕಿದ್ದ ತಮ್ಮ ಓಡಿಸಿ ನೋಡಲು ಹೊರಟ. ಪಕ್ಕದಲ್ಲಿ ಕಾರಿನ ಮಾಲೀಕ ಕೂತಿದ್ದ. ಎರಡನೇ ತಿರುವಿನಲ್ಲಿ ಬಾನೆಟ್ಟಿನೊಳಗಿಂದ ಬೆಂಕಿ ಎದ್ದಿತು. ಮಾಲೀಕನನ್ನು ಹೊರಗೆಳೆದು ಹಾಕುವಾಗ ತಮ್ಮನ ಕೈ ಬೆಂದುಹೋಯಿತು. ಜನ ಮರಳು ಸುರಿದು ಬೆಂಕಿ ಆರಿಸಿದ ಮೇಲೆ ಮೇಸ್ತ್ರಿ ಬಂದು, ಬಹಳ ಹೊತ್ತು ಎಂಜಿನ್ನಿನೊಳಗೆ ತಲೆ ಹಾಕಿ ನೋಡಿ, ಹೇಳಿದ:

"ನಾನು ನಲವತ್ತಕ್ಕೆ ಇಟ್ಟಿದ್ದೆ. ಊಟಕ್ಕೆ ಹೋದಾಗ ಇವನು ಸ್ಕ್ರೂ ಏರಿಸಿದಾನೆ. ಪ್ರೆಷರ್ ತಾಳದೆ ಪೈಪ್ ಕಿತ್ಕೊಂಡಿದೆ. ಗೆರೆಯೂ ಬೆಂಕೀಲಿ ಹೋಯ್ತು."

"ಗೇಜ್ ತೆಗೆದ್ಮೇಲೆ ಪೈಪಿನ ಕ್ಲಿಪ್ ಬಿಗಿಯೋದು ನೀನು ಮರೆತೆ!" ಎಂದು ತಮ್ಮ ಕಿರುಚಿದ.

ಮುಳ್ಳು ಮೇಸ್ತ್ರಿ ಮರೆಯುವುದೇ? ಪೇಟೆ ನಕ್ಕಿತು. ಅಂದಿನಿಂದ ಯಾರೂ ತಮ್ಮನ ಕೈಗೆ ಒಂದು ಬೋಲ್ಟನ್ನೂ ಕೊಡಲಿಲ್ಲ. ಅವನ ಕೈಗೆ ಕಟ್ಟಿದ ಬಟ್ಟೆ ಬಿಚ್ಚುವ ಮೊದಲೇ ಮಗಳು, "ನಮ್ಮಪ್ಪನ ಹೆಸರು ಕೆಡಿಸಿದ್ರಿ," ಎಂದು ಎದುರಿಗೆ ನಿಂತು ಬೈದು ಬಂದಿದ್ದಳು.

*

ಶೆಡ್ಡು ದಾಟಿ ಇಪ್ಪತ್ತು ಹೆಜ್ಜೆ ಹೋಗಿ, ಏರಿನ ಬುಡದಲ್ಲಿ ವ್ಯಾನು ಎರಡು ಸಲ ಕೆಮ್ಮಿ ನಿಂತಿತು.

"ಹಿಂದೆ ಹನ್ನೆರಡು ಜನ ಮೆಕ್ಯಾನಿಕ್ ಇದ್ರೂ ಗಾಡಿ ಕೆಟ್ಟು ನಿಲ್ಲುತ್ತೆ ಅಂದ್ರೆ, ಮೇಸ್ತ್ರಿಗೆ ಹೋಗೋಕೆ ಇಷ್ಟ ಇಲ್ಲ ಕಣ್ರೀ," ಎಂದ ಟೈರ್ ಅಂಗಡಿಯವನು. ಪಂಪು ಎಂದನೊಬ್ಬ, ಪ್ಲಗ್ಗು ಎಂದನೊಬ್ಬ. ಹೇಳುವವರು ಹತ್ತು ಮಂದಿ, ಬಾನೆಟ್ಟು ಎತ್ತಿದವಳು ಅಪ್ಪನ ಜೊತೆ ಕೆಲಸ ಕಲಿತಿದ್ದ ಮಗಳೊಬ್ಬಳೇ.

ರೆಗ್ಯುಲೇಟರಿನ ಮೇಲೆ ಅಪ್ಪ ಎಳೆದ ಗೆರೆ ಮುರಿದಿತ್ತು. ನಟ್ಟಿನ ಮೇಲಿನ ತುಂಡು ಒಂದು ಕಡೆ, ಸ್ಕ್ರೂ ಮೇಲಿನದು ಇನ್ನೊಂದು ಕಡೆ.

"ಯಾರು ಕೈ ಹಾಕಿದ್ದು?"

ಡ್ರೈವರ್ ತಲೆ ಕೆರೆದುಕೊಂಡ. "ಮೈಲೇಜ್ ಬರ್ತಿರ್ಲಿಲ್ಲ ಅಕ್ಕ. ನಾನೇ ಸ್ವಲ್ಪ ಸಡಿಲ ಮಾಡ್ದೆ."

ಅವಳು ಶೆಡ್ಡಿಗೆ ಓಡಿ ಅಪ್ಪನ ಗೇಜಿನ ಪೆಟ್ಟಿಗೆ ತಂದಳು. ಅದನ್ನು ಅಪ್ಪನೇ ತೆರೆಯಬೇಕು, ಅಪ್ಪನೇ ಮುಚ್ಚಬೇಕು. ಬೀಗದ ಕೈ ಬೆಳಿಗ್ಗೆಯಿಂದ ಅಮ್ಮನ ಹತ್ತಿರ ಇತ್ತು. ಕೇಳಿದರೆ ಅಮ್ಮ ಕೊಡಲಿಲ್ಲ.

"ಬೇರೆ ಗೇಜ್ ತಗೋ."

"ಇರೋದೇ ಇದೊಂದು, ಕೊಡಮ್ಮ. ಅಪ್ಪನ್ನ ಬೀದೀಲೇ ಮಲಗಿಸ್ಕೊಂಡು ಕೂತಿರ್ಬೇಕಾ?"

ಬೀಗದ ಕೈ ಕೊಟ್ಟ ಅಮ್ಮ ವ್ಯಾನಿನಿಂದ ಇಳಿದು ಅವಳ ಬೆನ್ನಿಗೇ ಬಂದು ನಿಂತಳು. ಗೇಜ್ ಎತ್ತಿದಾಗ ಕೆಳಗೊಂದು ಬಟ್ಟೆಯ ಗಂಟು ಕಂಡಿತು.

"ಅದನ್ನ ಬಿಚ್ಚಬೇಡ," ಎಂದಳು ಅಮ್ಮ. ಮಗಳು ಅದನ್ನಿನ್ನೂ ಮುಟ್ಟಿಯೇ ಇರಲಿಲ್ಲ.

ಬಿಚ್ಚಿದಳು. ಹಳೆಯ ರೆಗ್ಯುಲೇಟರು. ಒಂದು ಮಗ್ಗುಲು ಸುಟ್ಟು ಕರಿಯಾಗಿತ್ತು. ಸ್ಕ್ರೂ ಇದ್ದ ಮಗ್ಗುಲಿಗೆ ಬೆಂಕಿ ತಾಗಿರಲಿಲ್ಲ. ಸ್ಕ್ರೂವಿನಿಂದ ನಟ್ಟಿನವರೆಗೆ ಕೆಂಪು ಗೆರೆ ಒಂದೇ ತುಂಡಾಗಿ, ಎಳೆದ ದಿನ ಇದ್ದ ಹಾಗೇ ಇತ್ತು.

ಯಾರೂ ತಿರುಗಿಸಿರಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಮಣ್ಣಾಗೋ ದಿನ ಅವರ ಮರ್ಯಾದೆ ಮಣ್ಣು ಮಾಡ್ಬೇಡ ಕಣೇ," ಎಂದು ಅಮ್ಮ ಪಿಸುಗುಟ್ಟಿದಳು. "ಶೆಡ್ ನಡೀತಿರೋದು ಆ ಹೆಸರಲ್ಲಿ. ನಾಳೆಯಿಂದ ನಿನ್ನ ಹೊಟ್ಟೆಪಾಡೂ ಅದೇ."

ಮಗಳಿಗೆ ಅಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ, ಸತ್ತವನನ್ನು ಎಬ್ಬಿಸಿ ಕೇಳಬೇಕೆನಿಸಿತು. ರೆಗ್ಯುಲೇಟರನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು. ಪೆಟ್ರೋಲ್ ಚಿಮ್ಮದಂತೆ ಪೈಪಿನ ಬಾಯಿಗೆ ಬಟ್ಟೆ ಒತ್ತಿ ಹಿಡಿದು ಗೇಜ್ ಜೋಡಿಸಿದಳು. ಆಮೇಲೆ ರಸ್ತೆಯಾಚೆ ನಿಂತಿದ್ದವನನ್ನು ಕರೆದಳು.

"ಚಿಕ್ಕಪ್ಪ, ಬನ್ನಿ. ನಾನು ಮುಳ್ಳು ನೋಡ್ತೀನಿ, ನೀವು ತಿರುಗಿಸಿ."

"ಅವನ ಕೈಗಾ?" ಟೈರ್ ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದ. "ಹೆಣದ ಜೊತೆ ನಮ್ಮನ್ನೂ ಸುಟ್ಟಾನು!"

ಚಿಕ್ಕಪ್ಪ ಅವನತ್ತ ನೋಡಲೂ ಇಲ್ಲ. ಸುಟ್ಟ ಕೈಯಿಂದ ಸ್ಪ್ಯಾನರನ್ನು ನಟ್ಟಿಗೆ ಒತ್ತಿ ಹಿಡಿದು, ಬಲಗೈಯಲ್ಲಿ ಸ್ಕ್ರೂ ಡ್ರೈವರ್ ತೆಗೆದುಕೊಂಡ. ವ್ಯಾನಿನ ಡ್ರೈವರ್ ಎಂಜಿನ್ ಚಾಲೂ ಮಾಡಿದ.

"ಇಪ್ಪತ್ತೆರಡು," ಎಂದಳು ಅವಳು.

ಅವನು ತಿರುಗಿಸಿದ.

"ಮೂವತ್ತು. ಮೂವತ್ತಾರು. ಇನ್ನೊಂಚೂರು. ನಲವತ್ತು, ಸಾಕು."

ನಟ್ಟು ಬಿಗಿದ. ಎಂಜಿನ್ ಆರಿತು.

"ಐದು ನಿಮಿಷ," ಎಂದಳು.

ಹನ್ನೆರಡು ಮಂದಿಯೂ ಹಳೆಯ ರೂಢಿಯಂತೆ ಬಾಯಿ ಮುಚ್ಚಿದರು. ಅಮ್ಮನ ಕೈ ಮಗಳ ತೋಳು ಹಿಡಿದಿತ್ತು. ಆ ಹಿಡಿತ ನಿಮಿಷಕ್ಕೊಮ್ಮೆ ಬಿಗಿಯಾಗುತ್ತಿದ್ದುದು ಮಗಳಿಗೆ ಗೊತ್ತಾಗುತ್ತಿತ್ತು. ಈ ಶೆಡ್ಡಿಗೆ ನಾಳೆ ಯಾರು ಬಾರದೆ ಹೋಗಬಹುದು ಎಂದು ಅವಳು ಒಬ್ಬೊಬ್ಬರ ಮುಖ ನೋಡಿದಳು. ಚಿಕ್ಕಪ್ಪ ಮುಳ್ಳನ್ನು ಮಾತ್ರ ನೋಡುತ್ತಿದ್ದ. ಅದು ನಲವತ್ತು ಬಿಟ್ಟು ಕದಲಲಿಲ್ಲ.

ಅವಳು ಅಮ್ಮನ ಕೈ ಬಿಡಿಸಿದಳು. ಗೇಜ್ ತೆಗೆದು, ಪೈಪಿನ ಕ್ಲಿಪ್ ಬಿಗಿದು, ಬೆರಳಿಂದ ಮುಟ್ಟಿ ಮೂಸಿ ನೋಡಿ, ಇನ್ನೊಮ್ಮೆ ಬಿಗಿದಳು. ಆಮೇಲೆ ಜೇಬಿನಿಂದ ಗಂಟು ತೆಗೆದಳು.

"ಎಲ್ಲರೂ ಕೇಳಿ. ಇದು ಆ ಸುಟ್ಟ ಕಾರಿನದು. ಗೆರೆ ಮುರಿದಿಲ್ಲ. ಚಿಕ್ಕಪ್ಪ ಸ್ಕ್ರೂ ತಿರುಗಿಸಿರ್ಲಿಲ್ಲ. ಅಪ್ಪ ಸುಳ್ಳು ಹೇಳಿದ್ರು."

ಚಿಕ್ಕಪ್ಪ ಅದನ್ನು ತೆಗೆದುಕೊಂಡು ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ.

"ಇಟ್ಕೊಂಡೇ ಇದ್ನಾ?" ಎಂದ. "ಹನ್ನೊಂದು ವರ್ಷ ದಿನಾ ಈ ಪೆಟ್ಟಿಗೆ ತೆಗೆದು ನೋಡಿ ಮುಚ್ಚಿದಾನೆ. ಬಿಸಾಕಿದ್ರೇ ಎಷ್ಟೋ ವಾಸಿ ಇತ್ತು."

"ವ್ಯಾನ್ ಹತ್ತಿ ಚಿಕ್ಕಪ್ಪ. ಜೊತೇಲಿ ಬನ್ನಿ."

"ಕೈ ತೆಗೀರಿ ಅಂದ್ಯಲ್ಲ. ತೆಗೆದಾಯ್ತು."

ಅಮ್ಮ ಮುಂದಿನ ಸೀಟಿನಲ್ಲಿ ಮುಖ ತಿರುಗಿಸಿ ಕೂತಳು. ಮಗಳು ಡ್ರೈವರ್ ಮತ್ತು ಅಮ್ಮನ ನಡುವೆ ತೂರಿಕೊಂಡಳು. ವ್ಯಾನು ಒಂದು ಸಲವೂ ಕೆಮ್ಮದೆ ಏರು ಹತ್ತತೊಡಗಿತು.

"ಅಕ್ಕ, ಹಿಂದೆ ಯಾರೂ ಬರ್ತಿಲ್ಲ," ಎಂದ ಡ್ರೈವರ್. "ನಿಲ್ಲಿಸ್ಲಾ?"

ಅವಳು ಕನ್ನಡಿಯಲ್ಲಿ ನೋಡಿದಳು. ನಡುರಸ್ತೆಯಲ್ಲಿ ಬಂಕಿನ ಸಮವಸ್ತ್ರದವನು ಸುಟ್ಟ ಅಂಗೈಯನ್ನು ಮುಂದೆ ಚಾಚಿ ನಿಂತಿದ್ದ. ಮೆಕ್ಯಾನಿಕ್ಕುಗಳು ಒಬ್ಬೊಬ್ಬರಾಗಿ ಬಂದು, ಬಗ್ಗಿ, ಅದರ ಮೇಲಿದ್ದುದನ್ನು ನೋಡಿ ಸರಿಯುತ್ತಿದ್ದರು. ಈಗ ಟೈರ್ ಅಂಗಡಿಯವನ ಸರದಿ. ಅವನು ಕನ್ನಡಕ ಹುಡುಕಿಕೊಳ್ಳುತ್ತಿದ್ದ. ಅವನಿಗೆ ಅದು ಸಿಗುವವರೆಗೆ ಚಿಕ್ಕಪ್ಪ ಕೈಯನ್ನು ಹಾಗೇ ಹಿಡಿದು ಕಾಯುತ್ತಿದ್ದ.