ಮಗು ಜೊತೆಗಿದ್ದರೆ ಮಾತ್ರ

ಕಡಲತೀರದ ರೆಸಾರ್ಟಿಗೆ ಕಾಲಿಟ್ಟ ಕೂಡಲೇ ಅಣ್ಣ, ಅತ್ತಿಗೆ, ನಾನು, ನಮ್ಮ ಮೂವರ ಕೈಗೂ ಹಳದಿ ಪಟ್ಟಿ ಕಟ್ಟಿದರು, ಅಜ್ಜಿಯ ಕೈಗೆ ಮಾತ್ರ ನೀಲಿ. ಕತ್ತರಿಸದೆ ಬಿಚ್ಚಲಾಗದಂಥ ಪ್ಲಾಸ್ಟಿಕ್ ಪಟ್ಟಿ. ಅಜ್ಜಿ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ನಂಗೊಬ್ಬಳಿಗೇ ಸಮುದ್ರದ ಬಣ್ಣ ಕೊಟ್ಟಿದಾರೆ ನೋಡೇ. ವಯಸ್ಸಾದೋರಿಗೆ ಮರ್ಯಾದೆ ಇದೆ ಇಲ್ಲಿ.”

ಅಜ್ಜಿ ಸಮುದ್ರವನ್ನು ಒಮ್ಮೆಯೂ ಕಂಡವಳಲ್ಲ. ಆದರೆ ನಾನು ಬೆಳೆದದ್ದೇ ಅವಳ ಸಮುದ್ರದ ಕಥೆಗಳಲ್ಲಿ. ಸಮುದ್ರಕ್ಕೆ ಚಿಕ್ಕಂದಿನಲ್ಲಿ ಯಾರೂ ಕಥೆ ಹೇಳಲಿಲ್ಲವಂತೆ, ಅದಕ್ಕೇ ನಿದ್ದೆ ಬಾರದೆ ಇವತ್ತಿಗೂ ಹೊರಳಾಡುತ್ತಿದೆಯಂತೆ. ಅದನ್ನು ಕೇಳುತ್ತ ಕೇಳುತ್ತ ಎಷ್ಟೋ ಸಲ ನನ್ನ ಹಾಸಿಗೆಯೇ ತೇಲಿಹೋದದ್ದುಂಟು. ಹಾಗಾಗಿ ಅಣ್ಣ, “ಮಕ್ಕಳು ಮುದುಕರು ಎಲ್ರಿಗೂ ಹೇಳಿ ಮಾಡಿಸಿದ ಜಾಗ, ಅಜ್ಜೀನೂ ಕರ್ಕೊಂಡು ಹೋಗೋಣ” ಅಂದಾಗ ಅವನ ಮೇಲೆ ಪ್ರೀತಿ ಉಕ್ಕಿತ್ತು. ಉಕ್ಕಿದ್ದು ಇಳಿಯಲು ಹೊತ್ತೇನೂ ಹಿಡಿಯಲಿಲ್ಲ.

ಬಂದ ದಿನವೆಲ್ಲ ಅಣ್ಣನ ಮಗ ಗುಂಡ ಅಜ್ಜಿಯ ಸೊಂಟ ಬಿಟ್ಟಿಳಿಯಲಿಲ್ಲ. ಅವನು ಎರಡು ಸಲ ಸೀನಿದ್ದಕ್ಕೆ ಅತ್ತಿಗೆ, “ಅಜ್ಜಿ, ಇವನನ್ನ ಗಾಳಿಗೆ ತರಬೇಡಿ, ರೂಮಲ್ಲೇ ಇರಿ” ಅಂದು ಅಣ್ಣನ ಜೊತೆ ದೋಣಿ ಹತ್ತಲು ಹೋದರು. ರೂಮಿನ ಕಿಟಕಿಯಿಂದ ಕಾಣುತ್ತಿದ್ದುದು ಕಾರು ನಿಲ್ಲಿಸುವ ಜಾಗ. ಅಲೆಗಳ ಸದ್ದು ಮಾತ್ರ ಗೋಡೆಯಾಚೆಯಿಂದ ಬರುತ್ತಿತ್ತು. ಊಟದ ಹಾಲ್‌ನಲ್ಲಿ ಅಜ್ಜಿಯನ್ನೂ ಗುಂಡನನ್ನೂ ಅಡುಗೆಮನೆ ಬಾಗಿಲ ಪಕ್ಕದ ಮೇಜಿಗೆ ಕೂರಿಸಿದರು. ಮಗುವಿನ ಎತ್ತರದ ಕುರ್ಚಿ ಅಲ್ಲಿದೆ, ಅದಕ್ಕೇ ಇರಬೇಕು ಅಂದುಕೊಂಡೆ.

ಮಾರನೆಯ ಮಧ್ಯಾಹ್ನ ಗುಂಡ ಮಲಗಿದ್ದೇ ತಡ ನಾನಂದೆ, “ಇವನನ್ನ ನಾನು ನೋಡ್ಕೋತೀನಿ. ನೀನು ಹೋಗಿ ಕಾಲು ನೆನೆಸ್ಕೊಂಡು ಬಾ.”

ಅಜ್ಜಿ ಮುಖ ತೊಳೆದು, ತುರುಬು ಬಿಗಿದು, ಸೆರಗು ಸರಿಮಾಡಿಕೊಂಡು, ಯಾರ ಮನೆಗೋ ಹೊಸದಾಗಿ ಹೋಗುವವಳ ಹಾಗೆ ಹೊರಟಳು. ಹೋದಷ್ಟೇ ಬೇಗ ಬಂದಳು. ಚಪ್ಪಲಿಯಲ್ಲಿ ಒಂದು ಹರಳು ಮರಳೂ ಇರಲಿಲ್ಲ.

“ಯಾಕಜ್ಜಿ?”

“ಬಿಸಿಲು ಕಣೇ.”

“ಸುಳ್ಳು.”

“ಬಾಗಿಲಲ್ಲಿ ಒಬ್ಬಾತ ‘ಮಗು ಎಲ್ಲಮ್ಮ’ ಅಂದ. ಮಲಗಿದೆ ಅಂದೆ. ‘ಮತ್ತೆ ನೀನ್ಯಾಕೆ ಬಂದೆ’ ಅಂದ.” ಅಜ್ಜಿ ನಕ್ಕಳು. “ಸರಿ, ವಾಪಸ್ ಬಂದೆ.”

ಆ ನಗು ನೋಡಿ ಮೈಯೆಲ್ಲ ಉರಿದುಹೋಯಿತು. ಗುಂಡನನ್ನು ಅವಳ ಪಕ್ಕದಲ್ಲೇ ಬಿಟ್ಟು ಓಡಿದೆ. ಮರಳಿಗೆ ಇಳಿಯುವ ಮೆಟ್ಟಿಲ ಬಾಗಿಲ ಹತ್ತಿರ ಕಾವಲಿನವನು ಛತ್ರಿಯಡಿ ನಿಂತಿದ್ದ.

“ನನ್ನ ಬೈಬೇಡಿ ಮೇಡಂ. ನೀಲಿ ಅಂದ್ರೆ ಆಯಾ. ಮಗು ಜೊತೆಗಿದ್ದರೆ ಮಾತ್ರ ಬಿಡೋದು.”

“ಆಯಾ ಅಲ್ಲ ಅವರು, ನಮ್ಮಜ್ಜಿ!”

“ಎಲ್ರೂ ಹಾಗೇ ಹೇಳ್ತಾರೆ ಮೇಡಂ. ನಮ್ಮನೆಯವರ ಥರಾನೇ ಅಂತ.”

ಅಣ್ಣ ತೆಂಗಿನ ಮರದ ನೆರಳಲ್ಲಿ ಕಾಲು ಚಾಚಿ ಮಲಗಿದ್ದ. ಅತ್ತಿಗೆ ಮುಖದ ಮೇಲೆ ಟೋಪಿ ಹಾಕಿಕೊಂಡಿದ್ದರು.

“ಅಜ್ಜೀನ ಆಯಾ ಅಂತ ಬರೆಸಿದ್ಯಾ?”

“ಮೆಲ್ಲಗೆ ಮಾತಾಡೇ,” ಅಂದ ಅಣ್ಣ. “ಒಂದು ರೂಮಿಗೆ ದೊಡ್ಡೋರು ಮೂರೇ ಜನ ಕಣೇ. ಆಯಾ ಆದ್ರೆ ಲೆಕ್ಕಕ್ಕೆ ಬರಲ್ಲ. ಬರೀ ಒಂದು ಪದ. ಅದರಿಂದ ಅಜ್ಜಿಗೇನು ಸವೆದುಹೋಯ್ತಾ?”

“ನನ್ನನ್ನ ಬರೆಸಬೇಕಿತ್ತು.”

“ನಿನ್ನನ್ನ ಮಗು ನೋಡ್ಕೊಳ್ಳೋಳು ಅಂದ್ರೆ ಯಾರು ನಂಬ್ತಾರೆ? ಒಲೆ ಮೇಲೆ ಹಾಲಿಟ್ಟು ಕನಸು ಕಾಣೋಳು ನೀನು.”

ಅತ್ತಿಗೆ ಟೋಪಿಯೊಳಗಿಂದಲೇ ನಕ್ಕರು. “ಎಲ್ರ ಮುಂದೆ ರಂಪ ಬೇಡಮ್ಮ. ಅಜ್ಜಿಗೆ ಗೊತ್ತೇ ಆಗಲ್ಲ.”

ಲೆಕ್ಕಕ್ಕೆ ಬರಲ್ಲ! ರಾಕ್ಷಸರ ಪ್ರಾಣ ಎಲ್ಲೆಲ್ಲಿ ಅಡಗಿರುತ್ತದೆಂದು ನನಗೆ ಹೇಳಿಕೊಟ್ಟವಳು, ಅಣ್ಣನಿಗೆ ಜ್ವರ ಬಂದಾಗೆಲ್ಲ ತೊಡೆ ಮರಗಟ್ಟುವವರೆಗೂ ಅವನನ್ನು ಮಲಗಿಸಿಕೊಂಡವಳು ಲೆಕ್ಕಕ್ಕೆ ಬರಲ್ಲ. ಅಣ್ಣನ ರಟ್ಟೆ ಹಿಡಿದು ಎಳೆದೆ. “ಬಾ. ಈ ಮಾತನ್ನ ಅವಳ ಎದುರಿಗೇ ಹೇಳು.”

ಜನ ನೋಡುತ್ತಿದ್ದರು. ಆ ನಾಚಿಕೆಗೇ ಅವನು ಎದ್ದು ಬಂದ. ಅತ್ತಿಗೆಯೂ ಗೊಣಗುತ್ತ ಹಿಂದೆ ಬಂದರು. ಗುಂಡ ಎದ್ದು ಅಜ್ಜಿಯ ತೊಡೆಯೇರಿ ಅವಳ ಮೂಗು ಹಿಂಡುತ್ತಿದ್ದ. ಅಣ್ಣ ಬಾಗಿಲಿಗೊರಗಿ, ತಮಾಷೆಯ ಮಾತೆಂಬಂತೆ ಎಲ್ಲ ಹೇಳಿದ. ಕೊನೆಗೆ, “ಅಷ್ಟಕ್ಕೂ ಗುಂಡನ್ನ ಎತ್ಕೊಂಡು ಹೋಗು ಅಜ್ಜಿ. ಆಗ ಬಿಡ್ತಾರೆ” ಅಂದ.

ಅಜ್ಜಿ ಮಣಿಕಟ್ಟಿನ ನೀಲಿ ಪಟ್ಟಿಯನ್ನು ಬೆರಳಿಂದ ತಿರುಗಿಸಿದಳು.

“ಮರ್ಯಾದೆ ಅಂದ್ಕೊಂಡಿದ್ದೆನಲ್ಲೋ,” ಅಂದಳು. ಅವಳ ದನಿ ಹಾಗೆ ಒಡೆದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. “ನೀನು ಕೇಳಿದ್ರೆ ಈ ಮಗೂನ ಬೇಡ ಅಂತಿದ್ನಾ? ಜೀವ ಇರೋವರೆಗೂ ಎತ್ಕೋತಿದ್ದೆ. ಅಜ್ಜಿಯಾಗಿ ಎತ್ಕೋತಿದ್ದೆ. ಈಗ ಇವನನ್ನ ಟಿಕೆಟ್ ಮಾಡ್ಕೊಂಡು ನಾನು ಸಮುದ್ರ ನೋಡ್ಬೇಕಾ?”

ಗುಂಡನನ್ನು ಎತ್ತಿ ಅಣ್ಣನ ಕೈಗಿಟ್ಟಳು. “ಇಕೋ. ನಿನ್ನ ಆಯಾ ಕೆಲಸ ಬಿಟ್ಟಳು.”

“ಅಜ್ಜಿ, ಎಲ್ಲಿಗೆ ಹೋಗ್ತೀಯ?”

“ಸಮುದ್ರಕ್ಕೇನು ಇವರೊಬ್ಬರದೇ ಬಾಗಿಲಾ?”

ನಾವಿಬ್ಬರೂ ದೊಡ್ಡ ಗೇಟಿನಿಂದ ರಸ್ತೆಗಿಳಿದು, ಉದ್ದದ ಕಾಂಪೌಂಡು ಗೋಡೆ ಹಿಡಿದು ನಡೆದೆವು. ಗೋಡೆ ಮುಗಿದಲ್ಲಿ ಚರಂಡಿ, ಚರಂಡಿಯಾಚೆ ಒಣಹಾಕಿದ ಬಲೆಗಳು, ಅದರಾಚೆ ಯಾರೂ ಕಾಯದ ಮರಳು. ಅಜ್ಜಿ ಚಪ್ಪಲಿ ಬಿಟ್ಟಳು. ನಾನು ಕೈ ಹಿಡಿಯಲು ಹೋದರೆ ಕೊಡವಿಕೊಂಡಳು. ಒದ್ದೆ ಮರಳು ದಾಟಿ ನೇರ ನೀರಿಗೇ ನಡೆದಳು. ಮೊದಲ ಅಲೆ ಮಂಡಿಗೆ ಅಪ್ಪಳಿಸಿತು. ತೂರಾಡಿದಳು, ಬೀಳಲಿಲ್ಲ. ನೀರಿಗೆ ಕೈಯನ್ನೂ ಮುಗಿಯಲಿಲ್ಲ, ನಗಲೂ ಇಲ್ಲ. ಯಾರೊಡನೆಯೋ ಜಗಳಕ್ಕೆ ನಿಂತವಳ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

ರೆಸಾರ್ಟಿನ ಮರಳಿಗೂ ಈ ಮರಳಿಗೂ ನಡುವೆ ಒಂದು ಹಗ್ಗ. ಅದರಾಚೆ ಅಣ್ಣ ಗುಂಡನನ್ನು ಎತ್ತಿಕೊಂಡು ಓಡೋಡಿ ಬಂದ. ಮಗು ಕಿರುಚಿ ಅಳುತ್ತ ಅಜ್ಜಿಯ ಕಡೆಗೇ ಬಗ್ಗುತ್ತಿತ್ತು.

“ಅಜ್ಜೀ, ಅಳ್ತಿದಾನೆ! ಸುಮ್ನಾಗ್ತಿಲ್ಲ! ಸ್ವಲ್ಪ ಬಾ!”

ಅಜ್ಜಿಯ ತೋಳುಗಳು ತಾವಾಗಿಯೇ ಏಳಲು ಹೋದದ್ದನ್ನು ನಾನು ನೋಡಿದೆ. ಅವಳು ಎರಡು ಮುಷ್ಟಿಗಳನ್ನೂ ಬಿಗಿದು ಕೆಳಗಿಳಿಸಿದಳು.

“ನಿನ್ನ ಮಗ. ನೀನೇ ಸುಮ್ಮನಾಗಿಸು,” ಅಂದಳು, ತಿರುಗದೆ. ಮುಂದಿನ ಅಲೆಗೆ ಇನ್ನೊಂದು ಹೆಜ್ಜೆ ಮುಂದಿಟ್ಟಳು.